ಸಾಲಿನಿಂದ ಹೊರಗೆ ಒಂದು ಹೆಜ್ಜೆ



ನಮ್ಮೆಲ್ಲರ ಬಾಯಲ್ಲೂ ಆಗಾಗ ಬರುವ ಮಾತೊಂದಿದೆ: ‘ಏನು ಮಾಡೋದು, ಬೇರೆ ದಾರಿ ಇರಲಿಲ್ಲ.’ ಲಂಚ ಕೊಟ್ಟು ಬಂದವನು ಈ ಮಾತು ಹೇಳುತ್ತಾನೆ, ತೆಗೆದುಕೊಂಡವನೂ ಹೇಳುತ್ತಾನೆ. ಮಗನ ಮದುವೆಗೆ ವರದಕ್ಷಿಣೆ ಪಡೆದ ತಂದೆ, ‘ನನಗೇನೂ ಬೇಕಿರಲಿಲ್ಲ, ಮನೆಯ ಹಿರಿಯರ ಮಾತು ಮೀರುವ ಹಾಗಿರಲಿಲ್ಲ’ ಎನ್ನುತ್ತಾರೆ. ಮೇಲಧಿಕಾರಿ ಹೇಳಿದ ಕಡೆ ಸುಳ್ಳು ಲೆಕ್ಕಕ್ಕೆ ರುಜು ಹಾಕಿದ ಗುಮಾಸ್ತನೂ ಅದನ್ನೇ ಹೇಳುತ್ತಾನೆ. ಈ ಮಾತಿನಲ್ಲಿ ಒಂದು ಸೌಕರ್ಯವಿದೆ. ದಾರಿ ಒಂದೇ ಇದ್ದ ಮೇಲೆ ನಡೆದವನ ತಪ್ಪೇನು? ಗುಡ್ಡದ ಮೇಲಿನ ಕಲ್ಲು ಕೆಳಕ್ಕೆ ಉರುಳಿದರೆ ಕಲ್ಲನ್ನು ಯಾರೂ ಬಯ್ಯುವುದಿಲ್ಲ.

ಮನುಷ್ಯ ಕಲ್ಲಿನಂತಲ್ಲ, ಒಳ್ಳೆಯದನ್ನೋ ಕೆಟ್ಟದ್ದನ್ನೋ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹುಟ್ಟಿದ ಮನೆ, ಬೆಳೆದ ಬೀದಿ, ಸುತ್ತಲಿನ ಸಮಾಜ ಇವೆಲ್ಲ ಸೇರಿ ಅವನನ್ನು ನಡೆಸುತ್ತವೆ, ಆಯ್ಕೆ ಎಂಬುದು ಬರಿಯ ಭ್ರಮೆ ಎಂದು ವಾದಿಸುವವರೂ ಇದ್ದಾರೆ. ಈ ವಾದವನ್ನು ತರ್ಕದಿಂದ ಬಗೆಹರಿಸುವ ಶಕ್ತಿ ನನಗಿಲ್ಲ. ನನಗಿಂತ ಬಲ್ಲವರು ಸಾವಿರಾರು ವರ್ಷ ಜಗ್ಗಾಡಿದ ಹಗ್ಗ ಅದು. ಅದರ ಬದಲು, ‘ಬೇರೆ ದಾರಿ ಇದೆ, ಬೇಕಾದವರು ಹಿಡಿಯಬಹುದು’ ಎಂದು ಎಲ್ಲರ ಎದುರಿಗೆ ಬಾಯಿಬಿಟ್ಟು ಹೇಳಿದ ಒಂದು ಬೆಳಗಿನ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. ಸಂಗತಿ ಕ್ರೂರವಾದದ್ದು. ತೀರಾ ಚಿಕ್ಕ ಮಕ್ಕಳು ಜೊತೆಗೆ ಕೂತಿದ್ದರೆ ಸ್ವಲ್ಪ ಹೊತ್ತು ಆಟಕ್ಕೆ ಕಳಿಸಿ.

1942ನೇ ಇಸವಿಯ ಜುಲೈ 13. ಎರಡನೆಯ ಮಹಾಯುದ್ಧದ ಕಾಲ. ಪೋಲೆಂಡ್ ದೇಶ ಹಿಟ್ಲರನ ಜರ್ಮನಿಯ ವಶದಲ್ಲಿತ್ತು. ಅಲ್ಲಿನ ಲುಬ್ಲಿನ್ ಪ್ರಾಂತದಲ್ಲಿ ಯುಜೆಫುಫ್ ಎಂಬ ಸಣ್ಣ ಊರು. ಆ ಊರಿನಲ್ಲಿ ಸುಮಾರು 1,800 ಯಹೂದಿಗಳಿದ್ದರು. ಬೆಳಕು ಹರಿಯುವ ಹೊತ್ತಿಗೆ ಊರಾಚೆ ಲಾರಿಗಳು ಬಂದು ನಿಂತವು. ಇಳಿದವರು ಜರ್ಮನ್ ಪೊಲೀಸರು. ಮೀಸಲು ಪೊಲೀಸ್ ಪಡೆ 101 ಎಂಬ ದಳದವರು, ಸುಮಾರು ಐದುನೂರು ಮಂದಿ.

ಇವರು ಯಾರು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಹೆಚ್ಚಿನವರು ಹ್ಯಾಂಬರ್ಗ್ ನಗರದವರು. ಬಂದರಿನಲ್ಲಿ ಮೂಟೆ ಇಳಿಸುತ್ತಿದ್ದವರು, ಲಾರಿ ಓಡಿಸುತ್ತಿದ್ದವರು, ಗೋದಾಮಿನ ಆಳುಗಳು, ಹೋಟೆಲಿನ ಮಾಣಿಗಳು, ಗುಮಾಸ್ತರು. ಸೈನ್ಯಕ್ಕೆ ಸೇರಿಸಿಕೊಳ್ಳಲು ವಯಸ್ಸು ಮೀರಿತೆಂದು ಪೊಲೀಸ್ ಪಡೆಗೆ ಹಾಕಿದ್ದರು. ಸರಾಸರಿ ವಯಸ್ಸು ನಲವತ್ತರ ಹತ್ತಿರ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರಲ್ಲಿ. ಆ ವೇಳೆಗೆ ಇವರಲ್ಲಿ ಬಹುಪಾಲು ಜನ ಬೆಳೆದ ಗಂಡಸರು. ಬೇರೆ ಕಾಲವನ್ನೂ ಬೇರೆ ನ್ಯಾಯವನ್ನೂ ಕಣ್ಣಾರೆ ಕಂಡಿದ್ದವರು. ಪೋಲೆಂಡಿಗೆ ಬಂದು ಮೂರು ವಾರವೂ ಆಗಿರಲಿಲ್ಲ. ಕೊಲೆ ಅವರ ಕಸುಬಾಗಿರಲಿಲ್ಲ.

ದಳಪತಿ ಮೇಜರ್ ವಿಲ್ಹೆಲ್ಮ್ ಟ್ರಾಪ್, ಐವತ್ತು ದಾಟಿದ ಮನುಷ್ಯ. ಪೊಲೀಸರು ಪ್ರೀತಿಯಿಂದ ಅವನನ್ನು ‘ಅಪ್ಪ ಟ್ರಾಪ್’ ಎಂದು ಕರೆಯುತ್ತಿದ್ದರಂತೆ. ಅವನು ಎಲ್ಲರನ್ನೂ ಅರ್ಧವೃತ್ತದಲ್ಲಿ ನಿಲ್ಲಿಸಿ ಮಾತಾಡಿದ. ಮುಖ ಬಿಳಿಚಿಕೊಂಡಿತ್ತು, ಗಂಟಲು ಕಟ್ಟಿತ್ತು, ಕಣ್ಣಿನಲ್ಲಿ ನೀರಿತ್ತು ಎಂದು ಅಲ್ಲಿದ್ದವರು ಮುಂದೆ ನೆನಪಿಸಿಕೊಂಡಿದ್ದಾರೆ. ಮೇಲಿನಿಂದ ಆಜ್ಞೆ ಬಂದಿದೆ, ನನಗೂ ಇದು ಇಷ್ಟವಿಲ್ಲ ಎಂದ. ಆಜ್ಞೆ ಇಷ್ಟು: ಊರಿನ ಯಹೂದಿಗಳನ್ನು ಸಂತೆಮಾಳದಲ್ಲಿ ಸೇರಿಸಬೇಕು, ದುಡಿಯಬಲ್ಲ ಗಂಡಸರನ್ನು ಬೇರೆ ಮಾಡಿ ಲುಬ್ಲಿನ್ನಿನ ಶಿಬಿರಕ್ಕೆ ಸಾಗಿಸಬೇಕು, ಉಳಿದ ಹೆಂಗಸರು, ಮಕ್ಕಳು, ಮುದುಕರನ್ನು ಅಲ್ಲೇ ಗುಂಡಿಕ್ಕಿ ಕೊಲ್ಲಬೇಕು. ಇಷ್ಟು ಹೇಳಿದ ಮೇಲೆ ಅವನು ಯಾರೂ ನಿರೀಕ್ಷಿಸದ ಮಾತೊಂದನ್ನು ಸೇರಿಸಿದ. ನಿಮ್ಮಲ್ಲಿ ವಯಸ್ಸಾದವರು ಯಾರಾದರೂ, ಈ ಕೆಲಸ ತಮ್ಮಿಂದಾಗದು ಎನ್ನಿಸಿದರೆ, ಸಾಲಿನಿಂದ ಹೊರಗೆ ಬರಬಹುದು.

ಒಂದೆರಡು ಕ್ಷಣ ಯಾರೂ ಕದಲಲಿಲ್ಲ. ಆಮೇಲೆ ಮೂರನೆಯ ತುಕಡಿಯಿಂದ ಒಬ್ಬ ಹೊರಬಂದ. ಅವನ ತುಕಡಿಯ ಕ್ಯಾಪ್ಟನ್ ಸಿಟ್ಟಿನಿಂದ ಅವನ ಮೇಲೆ ಹರಿಹಾಯ್ದ. ತನ್ನ ತುಕಡಿಯವನೇ ಮೊದಲು ಹೊರಬಂದನಲ್ಲ ಎಂಬ ಅವಮಾನ. ಮೇಜರ್ ಅವನನ್ನು ತಡೆದು, ಬಂದವನನ್ನು ತನ್ನ ಕಡೆಗೆ ನಿಲ್ಲಿಸಿಕೊಂಡ. ಅದನ್ನು ನೋಡಿದ ಮೇಲೆ ಇನ್ನೂ ಹತ್ತು ಹನ್ನೆರಡು ಮಂದಿ ಹೊರಗೆ ಬಂದರು. ಬಂದೂಕು ಒಪ್ಪಿಸಿ ಪಕ್ಕಕ್ಕೆ ನಿಲ್ಲಿ, ಬೇರೆ ಕೆಲಸ ಹೇಳುತ್ತೇವೆ ಎಂದರು. ಅಷ್ಟೇ. ಯಾರನ್ನೂ ಬಂಧಿಸಲಿಲ್ಲ, ಯಾರನ್ನೂ ಹೊಡೆಯಲಿಲ್ಲ.

ಐದುನೂರರಲ್ಲಿ ಹತ್ತು ಹನ್ನೆರಡು. ಉಳಿದವರು ನಿಂತಲ್ಲೇ ನಿಂತರು. ಆ ದಿನ ಸಂಜೆಯೊಳಗೆ ಊರ ಪಕ್ಕದ ಕಾಡಿನಲ್ಲಿ ಸುಮಾರು 1,500 ಜನರನ್ನು ಕೊಂದರು. ಹೇಗೆ ಕೊಂದರು ಎಂಬ ವಿವರ ದಾಖಲೆಯಲ್ಲಿದೆ. ನಾನು ಹೇಳುವುದಿಲ್ಲ. ರಾತ್ರಿ ಠಾಣ್ಯಕ್ಕೆ ಮರಳಿದವರು ಊಟ ಮುಟ್ಟಲಾರದೆ ಕುಡಿದು ಮಲಗಿದರು. ಅದರ ಬಗ್ಗೆ ಮಾತಾಡಬಾರದು ಎಂಬ ಒಪ್ಪಂದ ಯಾರೂ ಹೇಳದೆಯೇ ಏರ್ಪಟ್ಟಿತು.

ಇಷ್ಟೆಲ್ಲ ನಮಗೆ ಹೇಗೆ ಗೊತ್ತು? 1960ರ ದಶಕದಲ್ಲಿ ಹ್ಯಾಂಬರ್ಗಿನ ಸರ್ಕಾರಿ ವಕೀಲರು ಈ ದಳದ 210 ಮಂದಿಯನ್ನು ಕರೆಸಿ ವಿಚಾರಿಸಿದರು. ಆ ಹೇಳಿಕೆಗಳನ್ನು ಓದಿ ಅಮೆರಿಕದ ಇತಿಹಾಸಕಾರ ಕ್ರಿಸ್ಟಫರ್ ಬ್ರೌನಿಂಗ್ ಅವರು 1992ರಲ್ಲಿ ‘ಆರ್ಡಿನರಿ ಮೆನ್’ ಎಂಬ ಪುಸ್ತಕ ಬರೆದರು. ಸಾಮಾನ್ಯ ಮನುಷ್ಯರು ಎಂದು ಅದರ ಅರ್ಥ. ಆ ಹೆಸರನ್ನು ಕೇಳಿದಾಗ ಮೊದಲು ನನಗೆ ಸಮಾಧಾನವಾಗಲಿಲ್ಲ. ಇಂಥವರನ್ನು ಸಾಮಾನ್ಯರು ಎನ್ನಬಹುದೇ ಎನ್ನಿಸಿತು. ಓದುತ್ತ ಹೋದ ಹಾಗೆ ಬೇರೆ ಹೆಸರು ಸಲ್ಲದು ಎಂಬುದು ತಿಳಿಯಿತು.

ವಿಚಾರಣೆಯಲ್ಲಿ ‘ನೀನು ಏಕೆ ಹೊರಗೆ ಬರಲಿಲ್ಲ?’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳನ್ನು ನೋಡಬೇಕು. ಕೆಲವರು, ಮೇಜರ್ ಅಂಥ ಮಾತು ಹೇಳಿದ್ದೇ ತಮಗೆ ಕೇಳಿಸಲಿಲ್ಲ ಎಂದರು. ಕೆಲವರು ಯೋಚಿಸಲು ಸಮಯ ಸಾಲಲಿಲ್ಲ ಎಂದರು. ಹಲವರು ಹೇಳಿದ್ದು ಒಂದೇ: ಜೊತೆಯವರ ಮುಂದೆ ಹೇಡಿ ಎನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. ಗಮನಿಸಿ, ಶಿಕ್ಷೆಯ ಭಯವಲ್ಲ. ಬೆಳಗ್ಗೆ ಒಟ್ಟಿಗೆ ಕಾಫಿ ಕುಡಿಯುವವನ ಕಣ್ಣಿನಲ್ಲಿ ಸಣ್ಣವನಾಗುವ ಭಯ. ಒಬ್ಬ ಮಾತ್ರ, ತಾನು ಗುಂಡು ಹಾರಿಸಿದ್ದೇ ತನ್ನ ಹೇಡಿತನದಿಂದ ಎಂದು ನೇರವಾಗಿ ಒಪ್ಪಿಕೊಂಡ. ಇಪ್ಪತ್ತು ವರ್ಷ ಕಳೆದ ಮೇಲಾದರೂ ಹೇಡಿತನ ಯಾವ ಕಡೆಗಿತ್ತು ಎಂದು ಅವನಿಗೆ ತಿಳಿದಿತ್ತು.

ಹೊರಗೆ ಬಂದವರ ಮಾತು ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ಅವರು ವೀರರಂತೆ ಮಾತಾಡಲಿಲ್ಲ. ‘ಇದು ಅಧರ್ಮ, ನಾನು ಮಾಡುವುದಿಲ್ಲ’ ಎಂದು ಜೊತೆಯವರ ಮುಂದೆ ಸಾರಿದವರು ತೀರಾ ಕಡಿಮೆ. ‘ನನಗೆ ಧೈರ್ಯ ಸಾಲದು, ನನ್ನದು ಮೆತ್ತನೆಯ ಮನಸ್ಸು’ ಎಂದು ತಮ್ಮನ್ನೇ ಹೀಗಳೆದುಕೊಂಡು ಹೊರಗುಳಿದವರೇ ಹೆಚ್ಚು. ಬ್ರೌನಿಂಗ್ ಅವರು ಇದನ್ನು ಎತ್ತಿ ತೋರಿಸುತ್ತಾರೆ: ಹೀಗೆ ಹೇಳುವುದರಿಂದ ಕೊಲ್ಲುತ್ತಿದ್ದವರ ಲೆಕ್ಕಾಚಾರ ತಪ್ಪು ಎಂದಾಗುವುದಿಲ್ಲ, ಗಟ್ಟಿಗರು ಕೊಲ್ಲುತ್ತಾರೆ, ಮೆತ್ತನೆಯವರು ಪಕ್ಕಕ್ಕೆ ಸರಿಯುತ್ತಾರೆ ಎಂದಷ್ಟೇ ಆಗುತ್ತದೆ. ಮಾತು ನಿಜ. ಆದರೂ ನನಗೆ ಅವರ ಮೇಲೆ ಗೌರವ ಕಡಿಮೆಯಾಗುವುದಿಲ್ಲ. ಒಳ್ಳೆಯದನ್ನು ಆರಿಸಿಕೊಳ್ಳುವವನ ಬಾಯಲ್ಲಿ ಒಳ್ಳೆಯ ಕಾರಣವೂ ಸಿದ್ಧವಾಗಿರಬೇಕು ಎಂದು ಕಾದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಅವರ ಕಾಲಿಗೆ ತಿಳಿದದ್ದು ನಾಲಗೆಗೆ ತಿಳಿದಿರಲಿಲ್ಲ. ಆ ದಳದ ಒಬ್ಬ ಲೆಫ್ಟಿನೆಂಟ್ ಮಾತ್ರ ಹಿಂದಿನ ರಾತ್ರಿಯೇ ಸುದ್ದಿ ತಿಳಿದು, ರಕ್ಷಣೆಯಿಲ್ಲದ ಹೆಂಗಸರು ಮಕ್ಕಳ ಮೇಲೆ ಗುಂಡು ಹಾರಿಸುವ ಕೆಲಸದಲ್ಲಿ ತಾನು ಪಾಲುಗೊಳ್ಳುವುದಿಲ್ಲ, ಬೇರೆ ಕೆಲಸ ಕೊಡಿ ಎಂದು ಸ್ಪಷ್ಟವಾಗಿ ಕೇಳಿದ. ಹ್ಯಾಂಬರ್ಗಿನಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಮನುಷ್ಯ. ಅವನಿಗೂ ಏನೂ ಆಗಲಿಲ್ಲ; ಮುಂದೆ ಅವನನ್ನು ಊರಿಗೆ ವರ್ಗ ಮಾಡಿದರು.

‘ಏನೂ ಆಗಲಿಲ್ಲ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಯುದ್ಧ ಮುಗಿದ ಮೇಲೆ ನಡೆದ ನೂರಾರು ಮೊಕದ್ದಮೆಗಳಲ್ಲಿ ಆರೋಪಿಗಳು ಮತ್ತೆ ಮತ್ತೆ ಹೇಳಿದ್ದು, ಆಜ್ಞೆ ಮೀರಿದ್ದರೆ ನಮ್ಮ ತಲೆಯೇ ಹೋಗುತ್ತಿತ್ತು ಎಂದು. ನಿರಾಯುಧರಾದ ಜನರನ್ನು ಕೊಲ್ಲಲು ಒಪ್ಪದೆ ಹೋದದ್ದಕ್ಕಾಗಿ ಅಂಥ ಘೋರ ಶಿಕ್ಷೆ ಅನುಭವಿಸಿದ ಒಬ್ಬನೇ ಒಬ್ಬನ ಉದಾಹರಣೆಯನ್ನೂ ಅವರ ವಕೀಲರು ದಾಖಲೆ ಸಹಿತ ಒದಗಿಸಲಾಗಲಿಲ್ಲ ಎಂದು ಬ್ರೌನಿಂಗ್ ಬರೆಯುತ್ತಾರೆ. ಇನ್ನೊಂದು ದಾರಿ ಇತ್ತು. ಅದರ ಮೇಲೆ ಬೈಗುಳವಿತ್ತು, ಅಣಕವಿತ್ತು, ಬೇಸರದ ಕಾವಲು ಕೆಲಸವಿತ್ತು. ಸಾವಿರಲಿಲ್ಲ.

ಅಪ್ಪ ಟ್ರಾಪನ ವಿಷಯ ಏನು? ಬೇರೆಯವರಿಗೆ ದಾರಿ ಬಿಟ್ಟುಕೊಟ್ಟವನು ತಾನು ಆ ದಾರಿ ಹಿಡಿಯಲಿಲ್ಲ. ಆ ದಿನವೆಲ್ಲ ಕಾಡಿನ ಕಡೆ ಹೋಗದೆ ಊರೊಳಗೇ ಇದ್ದು ಅತ್ತ; ಆಜ್ಞೆ ಆಜ್ಞೆಯೇ ಎಂದ. ಅವನ ಕಣ್ಣೀರು ಸುಳ್ಳಲ್ಲ ಎಂದೇ ನಂಬುತ್ತೇನೆ. ಆ ಕಣ್ಣೀರಿನಿಂದ ಒಂದು ಮಗುವೂ ಉಳಿಯಲಿಲ್ಲ. ಅಳು ಬಂದದ್ದರಿಂದಲೇ ತಾನು ಒಳ್ಳೆಯವನು ಎಂದುಕೊಳ್ಳುವ ಅಪಾಯ ನಮಗೆಲ್ಲ ಇದೆ. ಕೆಲಸವನ್ನು ಮಾಡುತ್ತಲೇ ಇರುತ್ತೇವೆ, ಮನಸ್ಸು ನೋಯುತ್ತಿದೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಯುದ್ಧಾನಂತರ ಟ್ರಾಪನನ್ನು ಪೋಲೆಂಡಿಗೆ ಒಪ್ಪಿಸಿದರು. 1948ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಅವನನ್ನು ವಿಚಾರಣೆ ಮಾಡಿದ್ದು ಬೇರೊಂದು ಹಳ್ಳಿಯಲ್ಲಿ ಸೇಡಿಗಾಗಿ 78 ಪೋಲಿಷ್ ಜನರನ್ನು ಕೊಲ್ಲಿಸಿದ ವಿಚಾರವಾಗಿ. ಯುಜೆಫುಫ್‌ನ ಯಹೂದಿಗಳ ವಿಚಾರ ಆ ಕಟಕಟೆಗೆ ಬರಲೇ ಇಲ್ಲ.

ಇನ್ನೊಂದು ಸಂಗತಿ. ಬೆಳಗ್ಗೆ ಸಾಲಿನಲ್ಲೇ ಉಳಿದವರಲ್ಲಿ ಕೆಲವರು ಕೊಲೆ ಆರಂಭವಾದ ಮೇಲೆ ತಡೆಯಲಾರದೆ ಹೋದರು. ದಫೇದಾರನ ಬಳಿ ಹೋಗಿ ಬಿಡುವು ಕೇಳಿದರು. ಕೇಳಿದ ಹಲವರಿಗೆ ಬಿಡುವು ಸಿಕ್ಕಿತು. ಕೆಲವರು ಮನೆ ಶೋಧಿಸುವ ನೆಪದಲ್ಲಿ ಹೊತ್ತು ಕಳೆದರು, ಕೆಲವರು ಗುರಿ ತಪ್ಪಿಸಿ ಹೊಡೆದರು. ಇವರನ್ನೆಲ್ಲ ಸೇರಿಸಿದರೂ ಹಿಂದೆ ಸರಿದವರು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕಿಂತ ಹೆಚ್ಚಿಲ್ಲ ಎಂದು ಬ್ರೌನಿಂಗ್ ಅವರ ಅಂದಾಜು. ಬೆಳಗ್ಗೆ ಒಂದು ಹೆಜ್ಜೆಯಲ್ಲಿ ಮುಗಿಯಬಹುದಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಎಷ್ಟು ಕಷ್ಟವಾಯಿತು ನೋಡಿ. ಕೈಗೆ ರಕ್ತ ಹತ್ತಿದ ಮೇಲೆ, ‘ಇದು ತಪ್ಪು’ ಎನ್ನಬೇಕಾದರೆ ‘ಇದುವರೆಗೆ ನಾನು ಮಾಡಿದ್ದೂ ತಪ್ಪು’ ಎಂದು ಸೇರಿಸಿ ಹೇಳಬೇಕಾಗುತ್ತದೆ. ಅದನ್ನು ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಮುಂದೆ ಈ ದಳಕ್ಕೆ ಕೆಲಸ ಅಭ್ಯಾಸವಾಯಿತು. ಯುಜೆಫುಫ್‌ನ ರಾತ್ರಿ ಊಟ ಬಿಟ್ಟವರಲ್ಲಿ ಕೆಲವರು ತಿಂಗಳುಗಳಲ್ಲಿ ಊಟದ ಹೊತ್ತಿಗೆ ಅದೇ ವಿಷಯದಲ್ಲಿ ತಮಾಷೆ ಮಾಡುವವರಾದರು. ಒಂದೂವರೆ ವರ್ಷದೊಳಗೆ ಆ ಐದುನೂರು ಜನ ಕನಿಷ್ಠ 38,000 ಮಂದಿಯನ್ನು ಗುಂಡಿಟ್ಟು ಕೊಂದರು. ಇನ್ನೂ 45,000 ಮಂದಿಯನ್ನು ಟ್ರೆಬ್ಲಿಂಕಾದ ಕೊಲೆ ಶಿಬಿರಕ್ಕೆ ಹೋಗುವ ರೈಲಿಗೆ ತುಂಬಿದರು.

ಇದು ಜರ್ಮನರ ಕಥೆ, ಯಹೂದಿದ್ವೇಷ ಅವರ ರಕ್ತದಲ್ಲೇ ಇತ್ತು ಎಂದು ಕೆಲವರು ಹೇಳಿಯಾರು. ಆ ದ್ವೇಷವನ್ನೇ ಮುಖ್ಯ ಕಾರಣವಾಗಿ ಹಿಡಿದು ಡೇನಿಯಲ್ ಗೋಲ್ಡ್‌ಹಾಗನ್ ಎಂಬ ವಿದ್ವಾಂಸರು 1996ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಇದೇ ದಳದ ಇದೇ ಹೇಳಿಕೆಗಳನ್ನು ಓದಿ ಬರೆದದ್ದು. ದ್ವೇಷದ ಪಾಲು ಇತ್ತು, ಅದನ್ನು ಅಲ್ಲಗಳೆಯಲಾಗದು. ನೆರೆಯವರನ್ನು ಮನುಷ್ಯರಲ್ಲ ಎಂದು ಹತ್ತು ವರ್ಷ ಹೇಳಿಕೊಟ್ಟ ಸರ್ಕಾರದ ಪೊಲೀಸರು ಅವರು. ಆದರೆ ಅದರಿಂದ ಎಲ್ಲವೂ ಬಗೆಹರಿಯಿತು ಎಂದುಕೊಂಡು ನಾವು ಹಾಯಾಗಿ ಕೂರುವಂತಿಲ್ಲ. ಅದಕ್ಕೊಂದು ಕಾರಣವಿದೆ.

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗ ಆರಂಭಿಸಿದರು. ಅದನ್ನು ಹಲವರು ಕೇಳಿರಬಹುದು, ಬೇಗ ಹೇಳಿ ಮುಗಿಸುತ್ತೇನೆ. ಪತ್ರಿಕೆಯ ಜಾಹೀರಾತು ನೋಡಿ ಬಂದ ಊರಿನ ಜನರಿಗೆ, ಪಕ್ಕದ ಕೋಣೆಯಲ್ಲಿರುವವನು ಪಾಠ ತಪ್ಪಿದಾಗಲೆಲ್ಲ ಗುಂಡಿಯೊತ್ತಿ ವಿದ್ಯುತ್ತಿನ ಹೊಡೆತ ಕೊಡಲು ಹೇಳಿದರು. ಹೊಡೆತ ಸುಳ್ಳು, ನೋವು ನಟನೆ. ಆದರೆ ಒತ್ತುವವನಿಗೆ ಅದು ತಿಳಿಸಿರಲಿಲ್ಲ. 15 ವೋಲ್ಟಿನಿಂದ ಶುರು, ಪ್ರತಿ ತಪ್ಪಿಗೂ ಇನ್ನೊಂದು 15 ವೋಲ್ಟು ಹೆಚ್ಚು. ಮೊದಲು ಪ್ರಕಟವಾದ ಪ್ರಯೋಗದಲ್ಲಿ 40 ಮಂದಿಯಲ್ಲಿ 26 ಮಂದಿ ಕಡೆಯ ಗುಂಡಿಯಾದ 450 ವೋಲ್ಟಿನವರೆಗೂ ಹೋದರು. ನಡುವೆ ಬೆವರಿದರು, ನಡುಗಿದರು, ‘ನಿಲ್ಲಿಸೋಣವೇ’ ಎಂದು ಕೇಳಿದರು. ಬಿಳಿ ಅಲ್ಲದಿದ್ದರೂ ಬೂದುಬಣ್ಣದ ಕೋಟು ಹಾಕಿ ನಿಂತವನು ‘ಮುಂದುವರಿಸಿ’ ಎಂದರೆ ಮುಂದುವರಿಸಿದರು. ಇಲ್ಲಿ ಯಾವ ದ್ವೇಷವಿತ್ತು? ಈ ಪ್ರಯೋಗದ ಬಗ್ಗೆ ಆಮೇಲೆ ಟೀಕೆಗಳು ಬಂದಿವೆ. ಕೆಲವರಿಗೆ ಇದು ನಾಟಕ ಎಂಬ ಅನುಮಾನ ಆಗಲೇ ಇತ್ತೆಂದು ತೋರುತ್ತದೆ. ಇರಲಿ. ನನಗೆ ಬೇಕಾದದ್ದು ಅದೇ ಸರಣಿಯ ಇನ್ನೊಂದು ಪ್ರಯೋಗ. ಅದರಲ್ಲಿ ಗುಂಡಿಯೊತ್ತುವವನ ಜೊತೆಗೆ ಇನ್ನಿಬ್ಬರನ್ನು ಕೂರಿಸಿದ್ದರು. ನಡುವೆ ಒಬ್ಬ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬ, ‘ಇನ್ನು ನನ್ನಿಂದಾಗದು’ ಎಂದು ಎದ್ದು ಹೋಗುವಂತೆ ಮೊದಲೇ ಏರ್ಪಾಡು. ಆಗ ಕಡೆಯ ಗುಂಡಿಯವರೆಗೆ ಹೋದವರು 40ರಲ್ಲಿ ನಾಲ್ವರು ಮಾತ್ರ.

ಇದನ್ನು ಓದಿದಾಗ ನನಗೆ ಮೂರನೆಯ ತುಕಡಿಯ ಆ ಮೊದಲ ಮನುಷ್ಯ ನೆನಪಾದ. ಅವನ ಹಿಂದೆ ಬಂದ ಹತ್ತು ಹನ್ನೆರಡು ಜನರಿಗೂ ಮೇಜರನ ಮಾತು ಕೇಳಿಸಿತ್ತು. ದಾರಿ ಇದೆ ಎಂದು ಗೊತ್ತಿತ್ತು. ಒಬ್ಬ ನಡೆದು ತೋರಿಸುವ ತನಕ ಅದು ಅವರಿಗೆ ದಾರಿಯಾಗಿ ಕಾಣಲಿಲ್ಲ. ಹಾಗೆಯೇ, ನಿಂತಲ್ಲೇ ನಿಂತ ಪ್ರತಿಯೊಬ್ಬನೂ ತನ್ನ ಪಕ್ಕದವನಿಗೆ ‘ದಾರಿ ಇಲ್ಲ’ ಎಂದು ಮೌನವಾಗಿ ಹೇಳುತ್ತಿದ್ದ.

ನಮ್ಮ ಮಹಾಭಾರತದಲ್ಲಿ ಇಂಥ ಒಬ್ಬನಿದ್ದಾನೆ. ನಾವು ಅವನನ್ನು ಹೆಚ್ಚಾಗಿ ನೆನೆಯುವುದಿಲ್ಲ. ದ್ಯೂತದ ಸಭೆಯಲ್ಲಿ ದ್ರೌಪದಿ ತನ್ನ ಪ್ರಶ್ನೆ ಕೇಳಿ ನಿಂತಾಗ ಭೀಷ್ಮರು ಧರ್ಮದ ಗತಿ ಸೂಕ್ಷ್ಮ ಎಂದರು, ದ್ರೋಣರು ಕೃಪರು ಬಾಯಿ ಬಿಡಲಿಲ್ಲ. ಎದ್ದು ನಿಂತು, ಇದು ಅನ್ಯಾಯ, ಈಕೆ ದಾಸಿಯಾಗಲಿಲ್ಲ ಎಂದವನು ದುರ್ಯೋಧನನ ತಮ್ಮ ವಿಕರ್ಣ. ವಯಸ್ಸಿನಲ್ಲಿ ಕಿರಿಯ. ಕರ್ಣ ಅವನನ್ನು ಹುಡುಗುತನ ಎಂದು ಗದರಿ ಕೂರಿಸಿದ. ಸಭೆಯಲ್ಲಿ ಮತ್ತೆ ಒಬ್ಬ ಹಿರಿಯ ಎದ್ದಿದ್ದರೆ? ಒಬ್ಬ ಮಾತ್ರ, ವಿದುರ, ಮಾತಾಡಿದ. ಅವನ ಮಾತನ್ನು ಕೇಳದಿರುವುದು ಆ ಮನೆಗೆ ಆಗಲೇ ರೂಢಿಯಾಗಿತ್ತು. ವಿಕರ್ಣ ಕಡೆಗೆ ಕೌರವರ ಪಕ್ಷದಲ್ಲೇ ಯುದ್ಧ ಮಾಡಿ ಭೀಮನ ಕೈಯಲ್ಲಿ ಸತ್ತ. ಕೊಂದ ಭೀಮನೇ ಅವನಿಗಾಗಿ ಮರುಗಿದ.

ಯುಜೆಫುಫ್‌ನ ಬೆಳಗಿಗೆ ಇನ್ನೂ ಹತ್ತಿರವಾದ ಪ್ರಸಂಗ ಕುರುಕ್ಷೇತ್ರದ ಮೊದಲ ದಿನದ್ದು. ಎರಡು ಸೇನೆಗಳು ಎದುರುಬದುರಾಗಿ ನಿಂತ ಮೇಲೆ, ಬಾಣ ಬಿಡುವ ಮುನ್ನ, ಯುಧಿಷ್ಠಿರ ನಡುವೆ ನಿಂತು, ಆ ಕಡೆಯಿಂದ ನಮ್ಮ ಕಡೆಗೆ ಬರುವವರಿದ್ದರೆ ಬರಬಹುದು ಎಂದು ಕೂಗಿ ಹೇಳಿದ. ಹನ್ನೊಂದು ಅಕ್ಷೌಹಿಣಿಯ ಸೇನೆಯಿಂದ ದಾಟಿ ಬಂದವನು ಒಬ್ಬ, ಧೃತರಾಷ್ಟ್ರನ ಮಗ ಯುಯುತ್ಸು. ಅರಮನೆಯ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನು ಎಂದು ಕಥೆ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರನ ಮಕ್ಕಳಲ್ಲಿ ಉಳಿದವನೂ ಅವನೊಬ್ಬನೇ. ಈ ಪ್ರಸಂಗವಾದ ಹೊತ್ತಿನಲ್ಲೇ ಅತ್ತ ಅರ್ಜುನನಿಗೆ ಹದಿನೆಂಟು ಅಧ್ಯಾಯಗಳ ಉಪದೇಶವೂ ನಡೆಯುತ್ತದೆ. ಅಷ್ಟೆಲ್ಲ ಹೇಳಿದ ಕೃಷ್ಣನೂ ಕಡೆಯಲ್ಲಿ, ಪೂರ್ತಿಯಾಗಿ ಯೋಚಿಸಿ ನಿನಗೆ ಹೇಗೆ ತೋರುತ್ತದೋ ಹಾಗೆ ಮಾಡು ಎಂದು ತೀರ್ಮಾನವನ್ನು ಅರ್ಜುನನಿಗೇ ಬಿಡುತ್ತಾನೆ. ಭಗವಂತನೇ ಕಿತ್ತುಕೊಳ್ಳದೆ ಬಿಟ್ಟದ್ದನ್ನು ನಾವು ಸಲೀಸಾಗಿ ಮೇಲಧಿಕಾರಿಗೆ, ಜಾತಿಗೆ, ಗುಂಪಿಗೆ ಒಪ್ಪಿಸಿಬಿಡುತ್ತೇವೆ.

ಹೀಗೆ ಬೇರೆಯವರ ಸಂಗತಿಯನ್ನೇ ಹೇಳಿ ಎದ್ದುಹೋದರೆ ನಾನು ಅನ್ಯಾಯ ಮಾಡಿದ ಹಾಗೆ. ಆದ್ದರಿಂದ ನನ್ನದೊಂದನ್ನು ಹೇಳಬೇಕು. ಅದನ್ನು ಆ ಕಾಡಿನ ಪಕ್ಕದಲ್ಲಿಡುವುದು ಸಲ್ಲದು. ಅಲ್ಲಿ ಹೋದದ್ದು ಪ್ರಾಣ, ಇಲ್ಲಿ ಯಾರ ಪ್ರಾಣವೂ ಹೋಗಲಿಲ್ಲ. ಸಾಲಿನಲ್ಲಿ ನಿಲ್ಲುವುದು ಹೇಗಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಮಾತ್ರ ಇಲ್ಲಿ.

1969ರ ಬೇಸಿಗೆ ರಜೆ. ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯನೊಬ್ಬನನ್ನು ನಾಲ್ಕು ದಿನ ಇದ್ದು ಹೋಗಲಿ ಎಂದು ನಮ್ಮೂರಿಗೆ ಕರೆದುಕೊಂಡು ಹೊರಟೆ. ನಾವಿಬ್ಬರೂ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು. ಒಂದೇ ತಟ್ಟೆಯಲ್ಲಿ ಉಂಡದ್ದೂ ಉಂಟು. ಬಸ್ಸಿಳಿದ ಕಡೆ ಒಂದು ಚಿಕ್ಕ ಹೋಟೆಲು. ಬಿಸಿಲಿಗೆ ಬಾಯಾರಿತ್ತು. ಒಳಗೆ ಕಾಲಿಡುತ್ತಿದ್ದ ಹಾಗೆ ಹೋಟೆಲಿನವರು, ‘ಬಾರಪ್ಪ, ಯಾವಾಗ ಬಂದೆ? ಅಪ್ಪಾಜಿ ಚೆನ್ನಾಗವ್ರಾ?’ ಎಂದು ಕೇಳಿದರು. ಆಮೇಲೆ ಗೆಳೆಯನ ಕಡೆ ನೋಡಿ, ‘ಇವರು ಯಾರ ಪೈಕಿ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ತನ್ನ ಜಾತಿಯ ಹೆಸರು ಹೇಳಿದ. ಮುಚ್ಚಿಡುವ ಸ್ವಭಾವ ಅವನದಲ್ಲ.

ಹೋಟೆಲಿನವರು ಕೋಪಿಸಿಕೊಳ್ಳಲಿಲ್ಲ. ಬಹಳ ಸಾಧುವಾಗಿಯೇ, ಹೊರಗಿನ ಗೋಡೆಯ ಗೂಡಿನ ಕಡೆ ಕೈ ತೋರಿಸಿದರು. ಅಲ್ಲಿ ಎರಡು ಮೂರು ಲೋಟ ಕವುಚಿಟ್ಟಿದ್ದವು. ಆ ಗೂಡನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಗೋಡೆಗೆ ಸುಣ್ಣ ಇರುವ ಹಾಗೆ, ಬಾಗಿಲಿಗೆ ಅಗುಳಿ ಇರುವ ಹಾಗೆ ಅದೂ ಇತ್ತು. ಅಸ್ಪೃಶ್ಯತೆಯನ್ನು ಸಂವಿಧಾನ ರದ್ದು ಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಅದನ್ನು ಅಪರಾಧವೆಂದು ಸಾರಿದ ಕಾನೂನು 1955ರಲ್ಲೇ ಬಂದಿತ್ತು. ನಾನು ಅದನ್ನು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಗೆಳೆಯ ಒಂದು ಸಲ ನನ್ನ ಮುಖ ನೋಡಿದ. ಆಮೇಲೆ ಹೊರಗೆ ಹೋಗಿ ಲೋಟ ತೆಗೆದುಕೊಂಡು ಜಗಲಿಯ ಅಂಚಿನಲ್ಲಿ ಕೂತ. ಟೀಯನ್ನು ಅವನ ಲೋಟಕ್ಕೆ ಮೇಲಿನಿಂದ ಹುಯ್ದರು. ನಾನು ಒಳಗೆ ಬೆಂಚಿನ ಮೇಲೆ ಕೂತು ಕುಡಿದೆ.

ಒಳಗೆ ನಮ್ಮೂರಿನ ಇನ್ನಿಬ್ಬರು ಹುಡುಗರಿದ್ದರು, ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದಿದವರು. ಅವರು ನನ್ನನ್ನು ನೋಡುತ್ತಿದ್ದರು. ಪಟ್ಟಣದಲ್ಲಿ ಓದುವ ಇವನು ಏನು ಮಾಡುತ್ತಾನೆ ಎಂಬ ಕುತೂಹಲ ಅವರ ಕಣ್ಣಿನಲ್ಲಿ ಕಂಡಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಕಂಡದ್ದು ಬರಿಯ ಕಾವಲು. ಯಾರೂ ನನ್ನ ಕೈ ಹಿಡಿದಿರಲಿಲ್ಲ. ನನ್ನ ಲೋಟ ಹಿಡಿದು ಎದ್ದು ಹೊರಗೆ ಹೋಗಿ ಅವನ ಪಕ್ಕ ಕೂರಲು ನಾಲ್ಕು ಹೆಜ್ಜೆ ಸಾಕಿತ್ತು. ಅಪ್ಪನಿಗೆ ಸುದ್ದಿ ಹೋಗುತ್ತದೆ, ಅವ್ವ ನೊಂದುಕೊಳ್ಳುತ್ತಾಳೆ, ಇದು ಒಂದು ದಿನದಲ್ಲಿ ಸರಿಹೋಗುವ ವಿಷಯವಲ್ಲ ಎಂದೆಲ್ಲ ಯೋಚಿಸಿದೆ. ಟೀ ಮುಗಿಯಿತು. ಕುಡಿದ ಲೋಟವನ್ನು ಗೆಳೆಯ ತಾನೇ ತೊಳೆದು ಗೂಡಿನಲ್ಲಿ ಕವುಚಿಟ್ಟ. ಇಬ್ಬರ ಟೀಗೂ ಕಾಸು ನಾನು ಕೊಟ್ಟೆ, ಅದರಿಂದ ಏನೋ ಸರಿಹೋದ ಹಾಗೆ.

ಅವನು ನಮ್ಮೂರಿನಲ್ಲಿ ಒಂದೇ ರಾತ್ರಿ ಇದ್ದು, ಮನೆಯಲ್ಲಿ ಕೆಲಸವಿದೆ ಎಂದು ಹೊರಟುಹೋದ. ಸ್ನೇಹ ಮುರಿಯಲಿಲ್ಲ. ಆ ವರ್ಷವೂ ಒಂದೇ ಕೋಣೆಯಲ್ಲಿದ್ದೆವು. ಅವನು ಒಳ್ಳೆಯ ಕೆಲಸಕ್ಕೆ ಸೇರಿ ನಿವೃತ್ತನಾದ. ಅವನ ಮಕ್ಕಳ ಮದುವೆಗೆ ನಾನು ಹೋಗಿದ್ದೇನೆ, ನನ್ನ ಮಕ್ಕಳ ಮದುವೆಗೆ ಅವನು ಬಂದಿದ್ದಾನೆ. ಟೀಯ ಮಾತು ಮಾತ್ರ ನಮ್ಮಿಬ್ಬರ ನಡುವೆ ಬರಲಿಲ್ಲ. ಆ ಹೋಟೆಲು ಈಗಿಲ್ಲ.

ಈ ಭಾಷಣಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾಗ ಅವನಿಗೆ ಫೋನು ಮಾಡಿದೆ. ಆ ಸಂಗತಿಯನ್ನು ಹೆಸರು ಹೇಳದೆ ಬಳಸಿಕೊಳ್ಳಲೇ ಎಂದು ಕೇಳಿದೆ. ‘ಹೇಳಪ್ಪ, ಅದರಲ್ಲಿ ಏನಿದೆ’ ಎಂದ. ಹೋಟೆಲಿನವರ ಮೇಲೆ ಸಿಟ್ಟಿದೆಯೇ ಎಂದೆ. ಅಂಥ ಗೂಡುಗಳನ್ನು ಬೇಕಾದಷ್ಟು ನೋಡಿದ್ದೆ, ಅದೇನು ಹೊಸದಾಗಿರಲಿಲ್ಲ ಎಂದ. ಸ್ವಲ್ಪ ಸುಮ್ಮನಿದ್ದು, ‘ನೀನು ಲೋಟ ತಗೊಂಡು ಹೊರಗೆ ಬರ್ತೀಯೇನೋ ಅಂತ ಬಾಗಿಲ ಕಡೆ ನೋಡ್ತಾ ಕೂತಿದ್ದೆ ಕಣೋ’ ಎಂದ.

ಎಷ್ಟು ಹೊತ್ತು ನೋಡಿದೆ ಎಂದು ನಾನು ಕೇಳಲಿಲ್ಲ.